ಹೊಲದಲ್ಲಿ ಸಿಕ್ಕಿದ ನಕ್ಷತ್ರ ಆಮೆಯ ಮರಿಯ ಆರೈಕೆ

ಮುಂಗಾರಿನ ಮೊದಲ ಹದಮಳೆಗಳು ಬಿದ್ದು ಬೇಸಗೆಯಲ್ಲಿ ಬಿರುಸಾಗಿದ್ದ ಕೆಂಪು ನೆಲವು ಮೆತ್ತಗಾದೊಡನೆ, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಬಯಲುಗಳಲ್ಲಿಯೂ ರಾಯಲಸೀಮೆಗೆ ತಾಗಿಕೊಂಡಿರುವ ಗಡಿಯ ಹೊಲಗಳಲ್ಲಿಯೂ ಒಂದು ಸಾಧುಪ್ರಾಣಿಯು ಬೇಲಿಯ ಬುಡದಿಂದ ಹೊರಬಿದ್ದು ಸಂಚರಿಸತೊಡಗುತ್ತದೆ. ಕಪ್ಪು ಚಿಪ್ಪಿನ ಮೇಲೆ ಹಳದಿಯ ಗೆರೆಗಳು ಕಿರಣಗಳಂತೆ ಹರಡಿಕೊಂಡಿರುವುದರಿಂದ ಇದಕ್ಕೆ ನಕ್ಷತ್ರ ಆಮೆಯೆಂದು ಹೆಸರು. ಕುಂಟೆ ಹೊಡೆಯುವಾಗಲೋ ಕಳೆ ತೆಗೆಯುವಾಗಲೋ ಅಂಗೈಯಲ್ಲಿ ಅಡಗುವಷ್ಟು ಮರಿಯೊಂದು ಕಣ್ಣಿಗೆ ಬಿದ್ದರೆ, ಅದನ್ನು ಮಕ್ಕಳ ಆಟಕ್ಕೆಂದು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಒಯ್ಯುವುದು ಹಳ್ಳಿಗಳಲ್ಲಿ ಹಿಂದಿನಿಂದಲೂ ಉಂಟು. ಎರಡು ಮೂರು ವಾರ ಮಕ್ಕಳು ಅದರೊಡನೆ ಆಡುತ್ತಾರೆ. ತರುವಾಯ ಮರಿಯು ಮೇವು ಬಿಡುತ್ತದೆ. ಕಣ್ಣು ಮುಚ್ಚಿ ಮೂಲೆ ಹಿಡಿಯುತ್ತದೆ. ಮನೆಯವರು ಮರುಗಿ ಬಟ್ಟಲಿನಲ್ಲಿ ಹಾಲಿಡುತ್ತಾರೆ, ಅನ್ನ ಕಿವುಚಿ ಬಾಯಿಗೆ ತುರುಕುತ್ತಾರೆ, ದನಕ್ಕೆಂದು ತಂದ ಔಷಧಿಯಲ್ಲಿ ಒಂದೆರಡು ತೊಟ್ಟು ಹಾಕುತ್ತಾರೆ. ಯಾವುದೂ ಫಲಿಸದಿರಲು, ಆಮೆಯೆಂದರೆ ನೀರಿನ ಪ್ರಾಣಿಯಲ್ಲವೇ ಎಂದು ಬಾವಿಗೆ ಬಿಟ್ಟು ಕೈ ತೊಳೆದುಕೊಳ್ಳುತ್ತಾರೆ. ಈ ಉಪಚಾರಗಳಲ್ಲಿ ಒಂದೊಂದೂ ಆ ಮರಿಯ ಪ್ರಾಣಕ್ಕೆ ಎರವಾಗತಕ್ಕದ್ದು. ಕರುಣೆಯಿಲ್ಲದೆ ಸತ್ತ ಮರಿಗಳಿಗಿಂತ, ತಪ್ಪುದಾರಿಯ ಕರುಣೆಯಿಂದ ಸತ್ತವು ಹೆಚ್ಚಾಗಿರಬಹುದು.

ಊರಿನ ಯಜಮಾನರೂ ಪಂಚಾಯತಿಯ ಮುಖಂಡರೂ ಭೂಮಾಲೀಕರೂ ಈ ವಿಷಯವನ್ನು ಅರಿತಿರಬೇಕಾದುದಕ್ಕೆ ಮತ್ತೊಂದು ಕಾರಣವಿದೆ. ನಕ್ಷತ್ರ ಆಮೆಯನ್ನು ಸಾಕುವ ಹಕ್ಕು ಪ್ರಕೃತ ಯಾರಿಗೂ ಇಲ್ಲ. 1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಈ ಪ್ರಾಣಿಯು ಬಹುಕಾಲ ನಾಲ್ಕನೆಯ ಅನುಸೂಚಿಯಲ್ಲಿದ್ದಿತು. 2022ರಲ್ಲಿ ಅಂಗೀಕೃತವಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಿಂದ ಅದು ಹುಲಿ ಆನೆಗಳಿರುವ ಒಂದನೆಯ ಅನುಸೂಚಿಗೆ ಸೇರಿತು. ಈ ಅನುಸೂಚಿಯ ಪ್ರಾಣಿಯ ವಿಷಯದಲ್ಲಿ ಅಪರಾಧ ರುಜುವಾತಾದರೆ 3 ವರ್ಷಕ್ಕೆ ಕಡಮೆಯಿಲ್ಲದ, 7 ವರ್ಷದವರೆಗಿನ ಸೆರೆವಾಸವೂ 25,000 ರೂಪಾಯಿಗೆ ಕಡಮೆಯಿಲ್ಲದ ಜುಲ್ಮಾನೆಯೂ ಉಂಟು. ಅದೇ ಕಾಯಿದೆಯ 39ನೆಯ ಪ್ರಕರಣದ ಮೇರೆಗೆ ಇಂಥ ಪ್ರಾಣಿಯು ಸರ್ಕಾರದ ಸ್ವತ್ತು; ಅದು ಯಾವ ರೀತಿಯಿಂದಲಾಗಲಿ ಕೈಗೆ ಬಂದವರು 48 ಗಂಟೆಗಳೊಳಗಾಗಿ ಹತ್ತಿರದ ಪೊಲೀಸು ಠಾಣೆಗೆ ಅಥವಾ ಅಧಿಕಾರ ಪಡೆದ ಅರಣ್ಯಾಧಿಕಾರಿಗೆ ವರದಿ ಮಾಡತಕ್ಕದ್ದು. ಆದಕಾರಣ ಮುಂದೆ ಹೇಳುವ ಆರೈಕೆಯು ಸಾಕಣೆಯ ಪಾಠವಲ್ಲ. ಕಾಯಿಲೆ ಬಿದ್ದ ಮರಿಯು ಅರಣ್ಯ ಇಲಾಖೆಯವರ ಕೈಸೇರುವವರೆಗಿನ ಒಂದೆರಡು ದಿನಗಳಲ್ಲಿ ಅದರ ಜೀವವನ್ನು ಹಿಡಿದು ನಿಲ್ಲಿಸುವ ಕ್ರಮ ಮಾತ್ರ. ಈ ಒಂದೆರಡು ದಿನಗಳಲ್ಲಿಯೇ ಮರಿಯ ಅಳಿವು ಉಳಿವು ತೀರ್ಮಾನವಾಗುವುದು ಹೆಚ್ಚು.

ಮೊಟ್ಟಮೊದಲು ನೋಡಬೇಕಾದುದು, ಸಿಕ್ಕಿದ ಮರಿಗೆ ನಿಜವಾಗಿ ಕಾಯಿಲೆಯಿದೆಯೇ ಎಂಬುದನ್ನು. ಆಮೆಯ ಜಾತಿಯಲ್ಲಿ ತಾಯಿಯು ಮರಿಯನ್ನು ಸಾಕುವ ಪದ್ಧತಿಯಿಲ್ಲ. ಹೆಣ್ಣಾಮೆಯು ಹಿಂಗಾಲುಗಳಿಂದ ಗುಳಿ ತೋಡಿ, ಗಟ್ಟಿ ನೆಲವನ್ನು ತನ್ನ ಮೂತ್ರದಿಂದಲೇ ನೆನೆಸಿ ಮೆತ್ತಗೆ ಮಾಡಿಕೊಂಡು, ಕೆಲವು ಮೊಟ್ಟೆಗಳನ್ನಿಟ್ಟು, ಮಣ್ಣು ಮುಚ್ಚಿ ಹೊರಟುಹೋಗುತ್ತದೆ; ಹಿಂದಿರುಗಿ ನೋಡುವುದಿಲ್ಲ. ಮರಿಯು ಹೊರಬಿದ್ದ ದಿನದಿಂದಲೇ ಸ್ವತಂತ್ರ. ಹೊಲದಲ್ಲಿ ಒಂಟಿಯಾಗಿ ಕಂಡ ಮರಿಯು ತಬ್ಬಲಿಯೆಂದು ತಿಳಿಯುವುದು ತಪ್ಪು. ಹಾಗೆಯೇ ನಡುಹಗಲಿನ ಬಿಸಿಲಿನಲ್ಲಿಯೂ ಒಣಗಾಲದಲ್ಲಿಯೂ ಈ ಆಮೆಗಳು ಪೊದೆಯ ನೆರಳಿನಲ್ಲಿ ಕತ್ತು ಕಾಲುಗಳನ್ನು ಒಳಗೆಳೆದುಕೊಂಡು ಗಂಟೆಗಟ್ಟಲೆ ಅಲುಗಾಡದೆ ಇರುವುವು. ಅದು ವಿಶ್ರಾಂತಿಯೇ ಹೊರತು ರೋಗವಲ್ಲ. ಕಣ್ಣು ಹೊಳೆಯುತ್ತಿದ್ದು, ಮೂಗು ಒಣಗಿದ್ದು, ಎತ್ತಿದಾಗ ಕಾಲುಗಳನ್ನು ಬಲವಾಗಿ ಆಡಿಸುವ ಅಥವಾ ಬಿಗಿಯಾಗಿ ಒಳಗೆಳೆದುಕೊಳ್ಳುವ ಮರಿಯನ್ನು ಸಿಕ್ಕಿದ ಜಾಗದಿಂದ ಹತ್ತಾರು ಮಾರಿನೊಳಗೆ, ನೇಗಿಲು ತಾಗದ ಬೇಲಿಯ ಬುಡದಲ್ಲಿ ಇಟ್ಟು ಬಂದರೆ ಕೆಲಸ ಮುಗಿಯಿತು. ಅದಕ್ಕೆ ಮಾಡಬಹುದಾದ ಅತ್ಯುತ್ತಮ ಉಪಕಾರ ಇಷ್ಟೇ. ಉಳುವಾಗ ಮೊಟ್ಟೆಗಳು ಮೇಲೆ ಬಂದರೆ, ಒಡೆಯದಿರುವುವನ್ನು ತಿರುಗಿಸದೆ, ಮೇಲಿದ್ದ ಮಗ್ಗುಲು ಮೇಲೆಯೇ ಇರುವಂತೆ ಎತ್ತಿ, ಬದುವಿನಲ್ಲಿ ಅಷ್ಟೇ ಆಳದ ಗುಳಿಯಲ್ಲಿಟ್ಟು ಸಡಿಲ ಮಣ್ಣು ಮುಚ್ಚಬೇಕು. ಮಗುಚಿದ ಮೊಟ್ಟೆಯೊಳಗಿನ ಪಿಂಡವು ಸಾಯುವ ಸಂಭವವಿದೆ.

ಎರಡನೆಯದು, ಇದು ನೆಲದ ಆಮೆಯೋ ನೀರಿನ ಆಮೆಯೋ ಎಂಬ ನಿರ್ಣಯ. ಮೈಸೂರು ಸೀಮೆಯ ಕೆರೆ ಬಾವಿಗಳಲ್ಲಿ ಕಾಣುವ ಆಮೆಗಳು ಬೇರೆ ಜಾತಿಯವು. ಒಂದರ ಚಿಪ್ಪು ಕಪ್ಪಾಗಿ ಚಪ್ಪಟೆಯಾಗಿರುವುದು; ಇನ್ನೊಂದರದು ಚರ್ಮ ಹೊದಿಸಿದಂತೆ ನುಣುಪಾಗಿರುವುದು. ಅವೆರಡರ ಬೆರಳುಗಳ ನಡುವೆ ಈಜುವುದಕ್ಕೆ ಅನುಕೂಲವಾದ ತೊಗಲುಂಟು. ನಕ್ಷತ್ರ ಆಮೆಯ ಕಾಲುಗಳು ಆನೆಯ ಕಾಲಿನಂತೆ ದುಂಡಗೆ ಮೊಂಡಾಗಿದ್ದು ಹುರುಪೆಗಳಿಂದ ಮುಚ್ಚಿವೆ. ಬೆನ್ನು ಗುಮ್ಮಟದಂತೆ ಎತ್ತರವಾಗಿದೆ. ಎಳೆಯ ಮರಿಗಳಲ್ಲಿ ನಕ್ಷತ್ರದ ಗುರುತು ಪೂರ್ಣವಾಗಿ ಮೂಡಿರುವುದಿಲ್ಲ, ಕೆಲವೇ ಅಗಲವಾದ ಹಳದಿಯ ಪಟ್ಟಿಗಳಿರುತ್ತವೆ. ಆದುದರಿಂದ ಬೆನ್ನಿಗಿಂತ ಕಾಲನ್ನು ನೋಡಿ ಗುರುತಿಸುವುದು ಲೇಸು. ಈ ಪ್ರಾಣಿಗೆ ಈಜು ಬಾರದು. ಆಳವಾದ ನೀರಿಗೆ ಹಾಕಿದರೆ ಮುಳುಗಿ ಸಾಯುತ್ತದೆ. ಪುಣ್ಯ ಬರುವುದೆಂದು ಆಮೆಯನ್ನು ದೇವಸ್ಥಾನದ ಕಲ್ಯಾಣಿಗೆ ಬಿಡುವವರು ಇದನ್ನು ಮುಖ್ಯವಾಗಿ ನೆನಪಿನಲ್ಲಿಡಬೇಕು.

ಇನ್ನು ನಿಜವಾಗಿಯೂ ಕಾಯಿಲೆಯಾಗಿರುವ ಮರಿಯ ವಿಷಯ. ದನ, ಕುರಿ, ಮನುಷ್ಯರು ತಮ್ಮ ಮೈಯ ಕಾವನ್ನು ತಿಂದ ಆಹಾರದಿಂದಲೇ ಹುಟ್ಟಿಸಿಕೊಳ್ಳುತ್ತಾರೆ. ಆಮೆಗೆ ಆ ಶಕ್ತಿಯಿಲ್ಲ. ಹೊರಗಿನ ಶಾಖವೇ ಅದರ ಮೈಯ ಶಾಖ. ಮೈ ತಣ್ಣಗಿರುವಾಗ ಅದರ ಜಠರವು ಕೆಲಸ ಮಾಡದು, ರಕ್ತವು ರೋಗದ ಸೂಕ್ಷ್ಮಜೀವಿಗಳೊಡನೆ ಹೋರಾಡದು, ಕೊಟ್ಟ ಔಷಧಿಯೂ ಮೈಗೆ ಹತ್ತದು. ತಣ್ಣಗಿರುವ ಮರಿಗೆ ಮೇವು ತಿನ್ನಿಸಿದರೆ ಅದು ಕರುಳಿನಲ್ಲಿ ಅರಗದೆ ಕೊಳೆಯುತ್ತದೆ. ಸಿಮೆಂಟಿನ ನೆಲದ ಮೂಲೆಯಲ್ಲಿ, ಮಳೆಗಾಲದ ಥಂಡಿಯಲ್ಲಿ ಬಿದ್ದಿರುವ ಮರಿಗೆ ಎಷ್ಟು ಒಳ್ಳೆಯ ಮೇವಿಟ್ಟರೂ ಅದು ಚೇತರಿಸಿಕೊಳ್ಳದಿರುವುದಕ್ಕೆ ಇದೇ ಕಾರಣ. ಮೊದಲು ಕಾವು, ಆಮೇಲೆ ನೀರು, ಕಟ್ಟಕಡೆಗೆ ಮೇವು — ಈ ಅನುಕ್ರಮವನ್ನು ತಪ್ಪಿಸಕೂಡದು. ಜನರು ಮಾಡುವುದು ಸಾಮಾನ್ಯವಾಗಿ ಇದಕ್ಕೆ ತಿರುಗಾಮುರುಗ.

ಕಾವು ಕೊಡುವ ವಿದ್ಯೆಯು ಈ ಸೀಮೆಯ ರೈತರಿಗೆ ಹೊಸದಲ್ಲ. ಚಾಕಿ ಹುಳುಗಳಿರುವ ಕೋಣೆಯನ್ನು ಸುಮಾರು 27 ಡಿಗ್ರಿಯ ಶಾಖದಲ್ಲಿಡಲು ಎಷ್ಟು ಎಚ್ಚರ ವಹಿಸುವರೋ, ಕೋಳಿಮರಿಗಳಿಗೆ ದೀಪ ಹಾಕಿ ಹೇಗೆ ಕಾಯಿಸುವರೋ, ಇಲ್ಲಿಯೂ ಹಾಗೆಯೇ. ಎರಡಡಿ ಉದ್ದ ಒಂದಡಿ ಅಗಲದ ರಟ್ಟಿನ ಪೆಟ್ಟಿಗೆಯೊಂದು ಸಾಕು. ಅದರ ತಳದಲ್ಲಿ ಹಳೆಯ ವೃತ್ತಪತ್ರಿಕೆಯನ್ನೋ ಒಗೆದ ಹತ್ತಿಯ ಬಟ್ಟೆಯನ್ನೋ ಹಾಸಬೇಕು. ಮರಳು, ಭತ್ತದ ಹೊಟ್ಟು, ಮರದ ಪುಡಿಗಳನ್ನು ಹಾಸಕೂಡದು. ಮರಿಯು ಮೇವಿನೊಡನೆ ಅವನ್ನು ನುಂಗಿದರೆ ಕರುಳು ಕಟ್ಟಿಕೊಳ್ಳುತ್ತದೆ. ಪೆಟ್ಟಿಗೆಯ ಒಂದು ಕೊನೆಯ ಮೇಲೆ ಸುಮಾರು ಒಂದೂವರೆ ಅಡಿ ಎತ್ತರದಲ್ಲಿ, ಕೋಳಿಮರಿಗಳಿಗೆ ಉಪಯೋಗಿಸುವ ತಂತಿ ಉರಿಯುವ ಹಳೆಯ ಮಾದರಿಯ 40 ವ್ಯಾಟಿನ ದೀಪವನ್ನು ತೂಗುಹಾಕಬೇಕು. ಈಗ ಮನೆಮನೆಯಲ್ಲಿರುವ ಎಲ್.ಇ.ಡಿ. ದೀಪವು ಬೆಳಕು ಕೊಡುವುದೇ ಹೊರತು ಕಾವು ಕೊಡದು. ದೀಪದ ಕೆಳಗೆ 30ರಿಂದ 32 ಡಿಗ್ರಿ ಸೆಂಟಿಗ್ರೇಡಿನಷ್ಟು ಶಾಖವಿದ್ದು, ಇನ್ನೊಂದು ಕೊನೆಯು ತಂಪಾಗಿರಬೇಕು. ಬೇಕಾದ ಕಡೆಗೆ ಸರಿದುಕೊಳ್ಳುವ ಸ್ವಾತಂತ್ರ್ಯ ಮರಿಗಿರಬೇಕು. ಹುಳುಮನೆಯ ಶಾಖಮಾಪಕವನ್ನೇ ಇಲ್ಲಿಗೆ ತಂದಿಟ್ಟರೆ ಊಹೆಯ ಕೆಲಸವಿರದು. ರಾತ್ರಿಯ ಹೊತ್ತು ಬೆಳಕು ಬೇಡ. ಬಿಸಿನೀರು ತುಂಬಿದ ಬಾಟಲಿಗೆ ದಪ್ಪ ಬಟ್ಟೆ ಸುತ್ತಿ ಒಂದು ಪಕ್ಕದಲ್ಲಿಟ್ಟು, ಆರಿದಂತೆಲ್ಲ ಬದಲಾಯಿಸಬೇಕು. ವಿದ್ಯುಚ್ಛಕ್ತಿ ನಿಂತುಹೋದ ವೇಳೆಯಲ್ಲಿಯೂ ಇದೇ ಉಪಾಯ. ಒಲೆಯ ಪಕ್ಕದಲ್ಲಿಡುವುದು ಸರಿಯಲ್ಲ, ಹೊಗೆಯು ಅದರ ಎದೆಗೆ ವಿಷ. ಪೆಟ್ಟಿಗೆಯನ್ನು ಮೇಜಿನ ಮೇಲಿರಿಸಿ ಕಾಲುಗಳ ಕೆಳಗೆ ನೀರಿನ ಬಟ್ಟಲುಗಳನ್ನಿಡತಕ್ಕದ್ದು. ಸೊರಗಿದ ಮರಿಯನ್ನು ಇರುವೆಗಳು ಒಂದೇ ರಾತ್ರಿಯಲ್ಲಿ ಕಣ್ಣಿನಿಂದ ಮೊದಲುಗೊಂಡು ತಿಂದುಬಿಡಬಲ್ಲವು. ಬೆಕ್ಕು, ನಾಯಿ, ಹೆಗ್ಗಣ, ಕಾಗೆಗಳ ಭಯ ಹೇಳಬೇಕಾದುದೇ ಇಲ್ಲ.

ಎಳೆಬಿಸಿಲು ಒಳ್ಳೆಯದು. ಸೂರ್ಯನ ನೇರಳಾತೀತ ಕಿರಣಗಳಿಂದ ಆಮೆಯ ಚರ್ಮದಲ್ಲಿ ಡಿ ಜೀವಸತ್ವವು ಉತ್ಪತ್ತಿಯಾಗಿ, ಅದರಿಂದ ಸುಣ್ಣದ ಅಂಶವು ಮೂಳೆಗೂ ಚಿಪ್ಪಿಗೂ ಸೇರುತ್ತದೆ. ಗಾಜಿನ ಮೂಲಕ ಬಂದ ಬಿಸಿಲಿನಲ್ಲಿ ಈ ಗುಣವಿರದು. ಬೆಳಿಗ್ಗೆ ಕಾಲು ಗಂಟೆ ಅರ್ಧ ಗಂಟೆ, ಅರ್ಧ ಭಾಗ ನೆರಳಿರುವ ಜಾಗದಲ್ಲಿ, ಒಬ್ಬರು ಕಾವಲಿದ್ದು ಬಿಡಬೇಕು. ತಗಡಿನ ಡಬ್ಬಿಯಲ್ಲೋ ಪ್ಲಾಸ್ಟಿಕ್ ಬಕೆಟ್ಟಿನಲ್ಲೋ ಹಾಕಿ ಬಿಸಿಲಿಗಿಟ್ಟು ಮರೆತರೆ ಮರಿಯು ಬೆಂದುಹೋಗುತ್ತದೆ.

ಮೈ ಬೆಚ್ಚಗಾದ ಮೇಲೆ ನೀರು. ಕಾಯಿಲೆಯ ಮರಿಗಳಲ್ಲಿ ಬಹುಪಾಲು ನೀರಿಲ್ಲದೆ ಬತ್ತಿಹೋಗಿರುತ್ತವೆ. ಗುಳಿಬಿದ್ದ ಕಣ್ಣು, ಜೋಲುವ ತೊಗಲು, ನೋಡಲು ಇರುವ ಗಾತ್ರಕ್ಕಿಂತ ಹಗುರವಾದ ಮೈ, ಮೂತ್ರದೊಡನೆ ಬೀಳುವ ಬಿಳಿಯ ಪದಾರ್ಥವು ಮೊಸರಿನಂತಿರದೆ ಮರಳಿನಂತೆ ಗರಗರಿಯಾಗಿರುವುದು ಇದರ ಲಕ್ಷಣಗಳು. ಬಾಯಿಗೆ ನೀರು ಹೊಯ್ಯಬಾರದು; ಅದು ಶ್ವಾಸನಾಳಕ್ಕೆ ಇಳಿಯಬಹುದು. ಅಗಲವಾದ ತಟ್ಟೆಯಲ್ಲಿ ಎಳೆಗೂಸಿನ ಸ್ನಾನಕ್ಕೆ ಹದವಾದ ನೀರಿಗಿಂತಲೂ ತುಸು ಕಡಮೆ ಬೆಚ್ಚಗಿರುವ ನೀರನ್ನು ಅರ್ಧ ಅಂಗುಲದಷ್ಟು ಹಾಕಿ, ಮರಿಯ ಗಲ್ಲವು ನೀರಿನ ಮೇಲೆಯೇ ಇರುವುದನ್ನು ನೋಡಿಕೊಂಡು, 15ರಿಂದ 20 ನಿಮಿಷ ನಿಲ್ಲಿಸಬೇಕು. ಸಾಮಾನ್ಯವಾಗಿ ಅದು ತಾನಾಗಿಯೇ ಕತ್ತು ಚಾಚಿ ಕುಡಿಯುತ್ತದೆ, ಮಲಮೂತ್ರಗಳನ್ನೂ ವಿಸರ್ಜಿಸುತ್ತದೆ. ಆ ನೀರನ್ನು ಚೆಲ್ಲಿ, ಮರಿಯ ಮೈಯನ್ನು ಮೆತ್ತಗೆ ಒರಸಿ ಕಾವಿಗೆ ಹಿಂದಿರುಗಿಸಬೇಕು. ದಿನಕ್ಕೊಂದು ಸಾರಿ ಹೀಗೆ ಮಾಡುವುದು ಸಾಕು. ಮರಿಯು ನಿತ್ರಾಣವಾಗಿದ್ದು ತಲೆಯೆತ್ತಲಾರದಿದ್ದರೆ ಆ ಹೊತ್ತೆಲ್ಲ ಪಕ್ಕದಿಂದ ಏಳಕೂಡದು. ಅರ್ಧ ಅಂಗುಲ ನೀರಿನಲ್ಲಿಯೂ ಅದು ಮುಳುಗಬಲ್ಲದು.

ಮೇವಿನ ವಿಚಾರದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಈ ಪ್ರಾಣಿಯು ಹುಲ್ಲು, ಕಳೆ, ಹೂವು, ಉದುರಿದ ಹಣ್ಣುಗಳನ್ನು ಮೇದು ಬದುಕತಕ್ಕದ್ದು. ಎಳೆಯ ಗರಿಕೆ, ದಾಸವಾಳದ ಹೂವು ಎಲೆ, ಮುಳ್ಳು ಸುಟ್ಟು ಹೆಚ್ಚಿದ ಪಾಪಾಸುಕಳ್ಳಿ ಇವು ಉತ್ತಮ. ಹಿಪ್ಪುನೇರಳೆಯ ಎಳೆಯ ಸೊಪ್ಪು ಹುಳುವಿಗೆ ಹಿತವಾದಂತೆ ಇದಕ್ಕೂ ಹಿತ. ಹುಳುವಿಗೆ ಹಾಕಲು ಅಂಜುವ ಸೊಪ್ಪನ್ನು, ಎಂದರೆ ಔಷಧಿ ಹೊಡೆದ ತೋಟದ ಸೊಪ್ಪನ್ನು, ಇದಕ್ಕೂ ಹಾಕಕೂಡದು. ಪಾಲಕ್ ಸೊಪ್ಪಿನಲ್ಲಿರುವ ಆಮ್ಲವು ಸುಣ್ಣದ ಅಂಶವನ್ನು ಕಟ್ಟಿಹಾಕುವುದರಿಂದ ಅದು ಬೇಡ. ಹಾಲು ಕುಡಿಯುವ ಜಾತಿಯಲ್ಲದ ಪ್ರಾಣಿಗೆ ಹಾಲನ್ನು ಅರಗಿಸುವ ಶಕ್ತಿಯಿಲ್ಲ. ಅನ್ನ, ರೊಟ್ಟಿ, ಬಿಸ್ಕತ್ತು, ಬೇಳೆ, ಮಾಂಸ, ಮೊಟ್ಟೆಗಳೂ ವರ್ಜ್ಯ. ಎದುರಿಗಿಟ್ಟದ್ದನ್ನು ತಿನ್ನದಿದ್ದರೆ ಸುಮ್ಮನಿರಬೇಕು. ಒಂದೆರಡು ದಿನದ ಉಪವಾಸದಿಂದ ಆಮೆ ಸಾಯದು; ಬಾಯಿ ಬಿಡಿಸಿ ತುರುಕುವುದರಿಂದ ದವಡೆ ಮುರಿದೀತು.

ಹೀಗೆ ಕಾವು ನೀರುಗಳನ್ನು ಕೊಡುತ್ತಿರುವಾಗ ಮರಿಯನ್ನು ಹಗಲು ಹೊತ್ತಿನಲ್ಲಿ ಚೆನ್ನಾಗಿ ಪರೀಕ್ಷಿಸಿ ಕಂಡದ್ದನ್ನು ಬರೆದಿಡುವುದು ಮೇಲು. ಪಶುವೈದ್ಯರಿಗೆ ಈ ಬರಹವು ಬಹಳ ಉಪಯುಕ್ತವಾಗುವುದು. ಎಲ್ಲಕ್ಕಿಂತ ಭಯಂಕರವಾದುದು ಎದೆಯ ರೋಗ. ಬಯಲುಸೀಮೆಯ ಒಣಹವೆಗೆ ಹುಟ್ಟಿದ ಈ ಪ್ರಾಣಿಯನ್ನು ಥಂಡಿ ತೇವಗಳಿರುವ ಬಚ್ಚಲ ಮೂಲೆಯಲ್ಲಿಟ್ಟರೆ ಇದು ಬೇಗನೆ ತಗಲುತ್ತದೆ. ಮೊದಲು ಮೂಗಿನಲ್ಲಿ ನೀರು, ತರುವಾಯ ಗುಳ್ಳೆಗಳು. ಉಸಿರಾಡುವಾಗ ಕೀರಲು ಸದ್ದು. ಕೊನೆಗೆ ಕತ್ತನ್ನು ಚಾಚಿ ಬಾಯಿ ತೆರೆದು ಏದುವುದು. ಆಮೆಗೆ ಮನುಷ್ಯರಿಗಿರುವಂತೆ ಎದೆಗೂ ಹೊಟ್ಟೆಗೂ ನಡುವೆ ಅಡ್ಡಪೊರೆಯಿಲ್ಲ, ಚೆನ್ನಾಗಿ ಕೆಮ್ಮಿ ಕಫವನ್ನು ಹೊರಹಾಕುವ ಸಾಮರ್ಥ್ಯವೂ ಇಲ್ಲ. ಶ್ವಾಸಕೋಶಗಳು ಬೆನ್ನಿನ ಚಿಪ್ಪಿಗೆ ಅಂಟಿಕೊಂಡಂತೆ ಮೇಲುಗಡೆ ಇರುವುದರಿಂದ ತುಂಬಿಕೊಂಡ ಕಫವು ಅಲ್ಲಿಯೇ ನಿಲ್ಲುತ್ತದೆ. ಬಾಯಿ ತೆರೆದು ಉಸಿರಾಡುವ ಮರಿಯನ್ನು ಮರುದಿನಕ್ಕೆಂದು ಇಟ್ಟುಕೊಳ್ಳದೆ ಆ ದಿನವೇ ವೈದ್ಯರಲ್ಲಿಗೆ ಸಾಗಿಸತಕ್ಕದ್ದು. ಕಣ್ಣೂದಿ ಅಂಟಿಕೊಂಡಿದ್ದರೆ ಕಾಯಿಸಿ ಆರಿಸಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರಸಬಹುದು, ಬಿಡಿಸಲು ಕೀಳಬಾರದು.

ಚಿಪ್ಪು ಮೆತ್ತಗಾಗುವ ರೋಗವು ಮನೆಯಲ್ಲಿ ತಿಂಗಳುಗಟ್ಟಲೆ ಇಟ್ಟ ಮರಿಗಳಿಗೆ ಮಾತ್ರ ಬರತಕ್ಕದ್ದು. ಹೊಸದಾಗಿ ಹುಟ್ಟಿದ ಮರಿಯ ಚಿಪ್ಪು ಸ್ವಲ್ಪ ಬಾಗುವುದು ಸಹಜ. ಆದರೆ ಮೂರು ನಾಲ್ಕು ಅಂಗುಲ ಬೆಳೆದ ಮರಿಯ ಹೊಟ್ಟೆಯ ಚಿಪ್ಪು ಬೆರಳಿಗೆ ಅದುಮಿದಂತಾದರೆ, ನಡೆಯುವಾಗ ಹೊಟ್ಟೆಯನ್ನು ನೆಲಕ್ಕೆ ಎಳೆಯುತ್ತಿದ್ದರೆ, ಬಿಸಿಲೂ ಸುಣ್ಣದ ಅಂಶವೂ ಇಲ್ಲದೆ ಅದರ ಮೂಳೆಗಳು ಕರಗಿವೆಯೆಂದು ತಿಳಿಯಬೇಕು. ಆಮೆಯ ರೋಗವು ಬಹಳ ನಿಧಾನವಾಗಿ ಬೆಳೆಯತಕ್ಕದ್ದು; ಹೊರಗೆ ಕಾಣಿಸಿಕೊಳ್ಳುವ ವೇಳೆಗೆ ಅದು ಹಳೆಯದಾಗಿರುತ್ತದೆ. ಗುಣವಾಗುವುದೂ ಅಷ್ಟೇ ನಿಧಾನ. ಒಂದು ವಾರ ಸುಣ್ಣದ ನೀರು ಕುಡಿಸಿದರೆ ಸರಿಹೋಗುವುದೆಂಬ ಮಾತು ಬರಿಯ ಭ್ರಮೆ, ಸುಣ್ಣದ ನೀರು ಬಾಯಿಯನ್ನೂ ಸುಟ್ಟೀತು.

ಔಷಧಿಯ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಪ್ರತಿಯೊಂದು ದನದ ಕೊಟ್ಟಿಗೆಯಲ್ಲಿಯೂ ಬರೆದು ಹಾಕಬೇಕಾಗಿದೆ. ದನ ಕುರಿಗಳ ಜಂತು, ಉಣ್ಣೆಗಳಿಗೆ ಉಪಯೋಗಿಸುವ ಐವರ್ಮೆಕ್ಟಿನ್ ಎಂಬ ಔಷಧಿಯು ಆಮೆಗಳಿಗೆ ಮಾರಕ ವಿಷ. ಅಮೆರಿಕೆಯ ಪಶುವೈದ್ಯರು 1983ರಲ್ಲಿಯೇ ಇದನ್ನು ಪರೀಕ್ಷಿಸಿ ಪ್ರಕಟಿಸಿದರು. ದನಕ್ಕೆ ಏನೂ ಮಾಡದ ಪ್ರಮಾಣವು ಆಮೆಯ ಮಾಂಸಖಂಡಗಳನ್ನು ಸ್ತಬ್ಧಗೊಳಿಸಿ ಉಸಿರನ್ನು ನಿಲ್ಲಿಸುತ್ತದೆ. ಆಮೆಯ ಕಾಲಿನ ಸಂದುಗಳಲ್ಲಿ ಉಣ್ಣೆ ಕಂಡಾಗ ಇದೇ ಔಷಧಿಯನ್ನು ಹಚ್ಚುವ ಮನಸ್ಸಾಗುವುದು ಸಹಜ. ಹಚ್ಚಲೂಕೂಡದು, ಕುಡಿಸಲೂಕೂಡದು. ಉಣ್ಣೆಯನ್ನು ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆದು ತೆಗೆದರೆ ಸಾಕು. ಸೀಮೆಎಣ್ಣೆ, ಬೇವಿನೆಣ್ಣೆ, ಕೋಳಿಗಳಿಗೆ ನೀರಿನಲ್ಲಿ ಕಲಸಿಕೊಡುವ ಪುಡಿಗಳು ಇವೊಂದೂ ಬೇಡ. ತಾಲ್ಲೂಕಿನ ಪಶುವೈದ್ಯರು ಆಮೆಯನ್ನು ನೋಡುವುದು ಅಪರೂಪವಾಗಿದ್ದರೆ, ಮೃಗಾಲಯದ ವೈದ್ಯರೊಡನೆ ದೂರವಾಣಿಯಲ್ಲಿ ವಿಚಾರಿಸಿ ಪ್ರಮಾಣವನ್ನು ಗೊತ್ತುಮಾಡುವಂತೆ ಅವರನ್ನು ವಿನಯದಿಂದ ಕೇಳಿಕೊಳ್ಳುವುದರಲ್ಲಿ ತಪ್ಪಿಲ್ಲ.

ಟ್ರ್ಯಾಕ್ಟರುಗಳೂ ರೋಟವೇಟರುಗಳೂ ಬಂದ ಮೇಲೆ ಗಾಯಗೊಂಡ ಆಮೆಗಳು ಸಿಕ್ಕುವುದುಂಟು. ಚಿಪ್ಪು ಒಡೆದರೆ ಉಗುರು ಮುರಿದಂತೆ ಎಂದು ತಿಳಿಯುವವರಿದ್ದಾರೆ. ಚಿಪ್ಪು ಜೀವವಿರುವ ಮೂಳೆ. ಬೆನ್ನುಮೂಳೆ ಪಕ್ಕೆಲುಬುಗಳೇ ಬೆಸೆದು ಅದಾಗಿದೆ. ಅದರಲ್ಲಿ ರಕ್ತವೂ ನರವೂ ಓಡುತ್ತವೆ. ಹಗ್ಗ ಕಟ್ಟಲೆಂದು ಚಿಪ್ಪಿನ ಅಂಚಿಗೆ ತೂತು ಕೊರೆಯುವ ಕ್ರೂರ ಅಭ್ಯಾಸವು ಇಂಥ ಅಜ್ಞಾನದ ಫಲವೇ. ಬಿರುಕು ಬಿಟ್ಟ ಚಿಪ್ಪನ್ನು, ಕಾಯಿಸಿ ಆರಿಸಿದ ಒಂದು ಲೋಟ ನೀರಿಗೆ ಅರ್ಧ ಚಮಚಕ್ಕೆ ಮೀರದಷ್ಟು ಉಪ್ಪು ಕರಗಿಸಿ ಅದರಿಂದ ತೊಳೆದು, ಶುಭ್ರವಾದ ತೆಳುಬಟ್ಟೆ ಸುತ್ತಿ, ನೊಣ ಕೂರದಂತೆ ಸೊಳ್ಳೆಪರದೆಯ ಚೂರಿನಿಂದ ಪೆಟ್ಟಿಗೆಯನ್ನು ಮುಚ್ಚಬೇಕು. ನೊಣವು ಮೊಟ್ಟೆಯಿಟ್ಟರೆ ಬೇಗನೆ ಹುಳುಗಳಾಗುವುವು. ಇಂಥ ಮರಿಯನ್ನು ನೀರಿನ ತಟ್ಟೆಯಲ್ಲಿ ನಿಲ್ಲಿಸಬಾರದು. ಅಂಟು, ಎಂ-ಸೀಲು, ಅರಿಸಿನ, ಸಗಣಿಗಳಿಂದ ಬಿರುಕನ್ನು ಮೆತ್ತಿದರೆ ಕೀವು ಒಳಗೇ ಸೆರೆಯಾಗುತ್ತದೆ. ಪರೀಕ್ಷೆಗೆಂದು ಮರಿಯನ್ನು ಬೆನ್ನಿನ ಮೇಲೆ ಮಲಗಿಸಿ ನೋಡುವ ಆಟವೂ ಬೇಡ. ಹಂಗೇರಿಯ ಗಣಿತಶಾಸ್ತ್ರಜ್ಞರಾದ ಡೊಮೊಕೋಷ್, ವಾರ್ಕೋನಿ ಎಂಬಿಬ್ಬರು, ಹೇಗೆ ಇಟ್ಟರೂ ತಾನಾಗಿಯೇ ನೆಟ್ಟಗೆ ನಿಲ್ಲುವ ಆಕೃತಿಯನ್ನು ಕಂಡುಹಿಡಿದ ತರುವಾಯ, 2008ರಲ್ಲಿ, ಈ ನಕ್ಷತ್ರ ಆಮೆಯ ಗುಮ್ಮಟವು ಅದಕ್ಕೆ ಬಹಳ ಸಮೀಪವಾಗಿದೆಯೆಂದು ತೋರಿಸಿದರು. ಆರೋಗ್ಯವಾದ ಆಮೆಯು ಮಗುಚಿದರೆ ತಾನೇ ಎದ್ದುಕೊಳ್ಳುವುದು. ನಿತ್ರಾಣವಾದ ಮರಿಗೆ ಈ ಗಣಿತದಿಂದ ಪ್ರಯೋಜನವಿಲ್ಲ. ಅದು ಹಾಗೆಯೇ ಬಿದ್ದು ಸಾಯುತ್ತದೆ.

ಮರಿಯನ್ನು ಮುಟ್ಟಿದವರು ಪ್ರತಿಸಲವೂ ಸೋಪಿನಿಂದ ಕೈ ತೊಳೆಯತಕ್ಕದ್ದು. ನೋಡಲು ಆರೋಗ್ಯವಾಗಿರುವ ಆಮೆಗಳ ಮಲದಲ್ಲಿಯೂ ಸಾಲ್ಮೊನೆಲ್ಲ ಎಂಬ ರೋಗಾಣುವಿರುವುದುಂಟು. ಅದು ಎಳೆಮಕ್ಕಳಿಗೆ ಜ್ವರ ಭೇದಿಗಳನ್ನು ತರುವುದರಿಂದ ಅಮೆರಿಕೆಯ ಸರ್ಕಾರವು 1975ರಲ್ಲಿ, ನಾಲ್ಕು ಅಂಗುಲಕ್ಕೆ ಕಡಮೆ ಉದ್ದದ ಚಿಪ್ಪಿನ ಆಮೆಗಳನ್ನು ಸಾಕಲು ಮಾರುವುದನ್ನೇ ನಿಷೇಧಿಸಿತು. ತಟ್ಟೆ ಬಟ್ಟಲುಗಳನ್ನು ಅಡಿಗೆಮನೆಗೆ ಹಿಂದಿರುಗಿಸಕೂಡದು.

ಇಷ್ಟು ಓದಿದ ಕೆಲವರು, ಎರಡು ದಿನದಲ್ಲಿ ಮರಿಯು ಚುರುಕಾದರೆ ಅದನ್ನು ತಂದ ಹೊಲಕ್ಕೇ ಬಿಡಬಾರದೇಕೆ ಎಂದು ಕೇಳಬಹುದು. ಆ ದಿನವೇ ಎತ್ತಿತಂದ, ಯಾವ ಕಾಯಿಲೆಯೂ ಇಲ್ಲದ ಮರಿಗೆ ಈ ಮಾತು ಸರಿ. ಮನೆಯಲ್ಲಿ ವಾರಗಟ್ಟಲೆ ಇದ್ದು ಕಾಯಿಲೆ ಬಿದ್ದ ಮರಿಗೆ ಇದು ಸಲ್ಲದು. ಅಮೆರಿಕೆಯ ಮೊಹಾವಿ ಮರುಭೂಮಿಯಲ್ಲಿ ಎದೆಯ ರೋಗವು ಕಾಡಿನ ಆಮೆಗಳಲ್ಲಿ ಹಬ್ಬಿ ಅವುಗಳ ಸಂಖ್ಯೆಯು ಕುಸಿದು, 1990ರಲ್ಲಿ ಅಲ್ಲಿನ ಸರ್ಕಾರವು ಆ ಜಾತಿಯನ್ನು ಅಪಾಯದ ಪಟ್ಟಿಗೆ ಸೇರಿಸಬೇಕಾಯಿತು. ಸಾಕಿದ ಆಮೆಗಳನ್ನು ಜನರು ಮರುಕದಿಂದ ಕಾಡಿಗೆ ಬಿಟ್ಟದ್ದೂ ರೋಗವು ಹಬ್ಬಲು ಒಂದು ಕಾರಣವೆಂದು ಶಾಸ್ತ್ರಜ್ಞರ ಶಂಕೆ. ಒಂದು ಮರಿಯನ್ನು ಉಳಿಸುವ ಆತುರದಲ್ಲಿ ಬಯಲಿನ ಆಮೆಗಳಿಗೆಲ್ಲ ರೋಗ ತಗಲಿಸಿದಂತಾಗಬಾರದು. ಅರಣ್ಯ ಇಲಾಖೆಯವರ ಪುನರ್ವಸತಿ ಕೇಂದ್ರಗಳಲ್ಲಿ ಇಂಥವನ್ನು ಪ್ರತ್ಯೇಕವಾಗಿಟ್ಟು, ಪರೀಕ್ಷೆ ಮಾಡಿ, ಯೋಗ್ಯವಾದ ಕಾಡಿಗೆ ಬಿಡುವ ಏರ್ಪಾಡಿದೆ. 2018ರ ನವೆಂಬರಿನಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳು ವಿಮಾನದಲ್ಲಿ ಬೆಂಗಳೂರಿಗೆ ಹಿಂದಿರುಗಿ ಬಂದಾಗ, ಕರ್ನಾಟಕದ ಅರಣ್ಯ ಇಲಾಖೆಯೂ ವೈಲ್ಡ್‌ಲೈಫ್ ಎಸ್.ಓ.ಎಸ್. ಎಂಬ ಸಂಸ್ಥೆಯೂ ಸೇರಿ ಅವುಗಳನ್ನು ವಶಕ್ಕೆ ತೆಗೆದುಕೊಂಡುವು.

ಅವು ಸಿಂಗಪುರಕ್ಕೆ ಹೋದದ್ದು ಕಳ್ಳಸಾಗಣೆಯ ದಾರಿಯಿಂದ. ಆಮೆಯು ಮನೆ ಹೊಕ್ಕರೆ ಕೇಡೆಂದು ಹಳ್ಳಿಗಳಲ್ಲಿ ಕೆಲವರು ಭಾವಿಸಿದರೆ, ಪಟ್ಟಣಗಳಲ್ಲಿಯೂ ಪರದೇಶಗಳಲ್ಲಿಯೂ ಅದೇ ಆಮೆಯು ಮನೆಯಲ್ಲಿದ್ದರೆ ಅದೃಷ್ಟವೆಂದು ಹಣ ತೆತ್ತು ಕೊಳ್ಳುವವರಿದ್ದಾರೆ. ಪ್ರಾಣಿಯಂತೂ ಎರಡನ್ನೂ ಅರಿಯದು. ಭಾರತದ ಒಂದೇ ಒಂದು ವ್ಯಾಪಾರಕೇಂದ್ರದ ಮೂಲಕ ಒಂದು ವರ್ಷದಲ್ಲಿ ಕಡಮೆಯೆಂದರೂ 55,000 ನಕ್ಷತ್ರ ಆಮೆಗಳನ್ನು ಹಿಡಿದು ಸಾಗಿಸುತ್ತಿದ್ದರೆಂದು 2015ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಲೆಕ್ಕ ಹಾಕಿತು. 2019ರಲ್ಲಿ ಜಿನೀವಾದಲ್ಲಿ ಸೇರಿದ್ದ ರಾಷ್ಟ್ರಗಳ ಸಮ್ಮೇಳನವು ಇವುಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಪೂರ್ತಿಯಾಗಿ ತಡೆಯುವ ಪಟ್ಟಿಗೆ ಸೇರಿಸಿತು. ಈ ವ್ಯಾಪಾರದ ಮೊದಲ ಮೆಟ್ಟಿಲು ಹೊಲವೇ. ಹುಡುಗರ ಕೈಗೆ ಚಿಲ್ಲರೆ ಕಾಸು ಕೊಟ್ಟು ಮರಿಗಳನ್ನು ಆರಿಸಿಕೊಂಡು ಹೋಗುವ ಅಪರಿಚಿತರು ಊರಿಗೆ ಬಂದರೆ, ಯಜಮಾನರು ಅದನ್ನು ಮಕ್ಕಳಾಟವೆಂದು ಬಿಡದೆ ಕೂಡಲೇ ವಲಯ ಅರಣ್ಯಾಧಿಕಾರಿಗೆ ತಿಳಿಸತಕ್ಕದ್ದು.

ಕಾಯಿದೆಯ ಹೆಸರು ಕೇಳಿ ಹೆದರಿ, ಮನೆಯಲ್ಲಿರುವ ಕಾಯಿಲೆಯ ಮರಿಯನ್ನು ರಾತ್ರೋರಾತ್ರಿ ಕೆರೆಗೆ ಎಸೆಯುವ ಬಡ ಸಂಸಾರಗಳೂ ಇರಬಹುದು. ಇಂಥವರಿಗೆ ಧೈರ್ಯ ಹೇಳಿ, ಮುಂದೆ ನಿಂತು, ಪ್ರಾಣಿಯನ್ನು ತಾವಾಗಿ ಒಪ್ಪಿಸುವಂತೆ ಮಾಡುವುದು ಊರಿನ ದೊಡ್ಡವರಿಂದಲೇ ಆಗಬೇಕಾದ ಕೆಲಸ. ಮರೆಮಾಚಿದಷ್ಟೂ ಮನೆಯವರಿಗೂ ತೊಡಕು ಹೆಚ್ಚು, ಮರಿಗೂ ಆಯುಸ್ಸು ಕಡಮೆ. ಹತ್ತಿರದ ವಲಯ ಅರಣ್ಯಾಧಿಕಾರಿಯ ಕಛೇರಿಗೆ, ಇಲ್ಲವೆ ಇಲಾಖೆಯ ಸಹಾಯವಾಣಿಯಾದ 1926ಕ್ಕೆ ದೂರವಾಣಿಯಲ್ಲಿ ತಿಳಿಸಿ, ಕರೆ ಮಾಡಿದ ದಿನ, ಗಂಟೆ, ಮಾತನಾಡಿದ ಅಧಿಕಾರಿಯ ಹೆಸರುಗಳನ್ನು ಪಂಚಾಯತಿಯ ಪುಸ್ತಕದಲ್ಲಿ ಬರೆದಿಡಬೇಕು. ಮರಿಯು ಸಿಕ್ಕಿದ ಹೊಲದ ಸರ್ವೆ ನಂಬರನ್ನೂ ಬರೆಯುವುದು ಅವಶ್ಯ. ಮುಂದೆ ಅದನ್ನು ಎಲ್ಲಿಗೆ ಬಿಡಬೇಕೆಂಬ ಪ್ರಶ್ನೆ ಬಂದಾಗ ಇಲಾಖೆಯವರಿಗೆ ಅದೇ ಆಧಾರ.

ಅಧಿಕಾರಿಗಳು ಬರಲು ತಡವಾಗಿ, ಅವರ ಅಪ್ಪಣೆಯ ಮೇಲೆ ಮರಿಯನ್ನು ಊರಿನವರೇ ಒಯ್ಯಬೇಕಾಗಿ ಬಂದರೆ, ಗಾಳಿಯಾಡಲು ತೂತುಗಳಿರುವ ಸಣ್ಣ ಪೆಟ್ಟಿಗೆಯಲ್ಲಿ ಬಟ್ಟೆಯ ಸುರುಳಿಗಳ ನಡುವೆ ಅಲುಗಾಡದಂತೆ ಇರಿಸಿ, ಬೆಳಗಿನ ಅಥವಾ ಸಂಜೆಯ ತಂಪಿನಲ್ಲಿ ಹೊರಡಬೇಕು. ಮಳೆಯ ಥಂಡಿಯಿದ್ದರೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯೂ ಜೊತೆಗಿರಲಿ. ಪ್ರಯಾಣದಲ್ಲಿ ನೀರು ಮೇವುಗಳು ಬೇಡ. ದ್ವಿಚಕ್ರವಾಹನದ ಹಿಂದೆ ಕಟ್ಟುವುದಕ್ಕಿಂತ ಒಬ್ಬರು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತುಕೊಳ್ಳುವುದು ವಾಸಿ. ಕಾಯಿಲೆಯ ಲಕ್ಷಣಗಳು, ಕೊಟ್ಟ ಉಪಚಾರ, ಮನೆಯಲ್ಲಿ ಎಷ್ಟು ದಿನವಿದ್ದಿತು, ಏನು ತಿನ್ನಿಸಿದ್ದರು ಎಂಬುದನ್ನೆಲ್ಲ ಬರೆದ ಚೀಟಿಯನ್ನು ಪೆಟ್ಟಿಗೆಯ ಮೇಲೆ ಅಂಟಿಸಿರಬೇಕು. ಹಾಲು ಅನ್ನಗಳನ್ನು ಹಾಕಿದ್ದರೆ ನಾಚಿಕೆಯಿಂದ ಮುಚ್ಚಿಡಬಾರದು, ವೈದ್ಯರಿಗೆ ಅದೇ ಮುಖ್ಯ. ಕಛೇರಿಯಲ್ಲಿ ಪ್ರಾಣಿಯನ್ನು ಒಪ್ಪಿಸಿದುದಕ್ಕೆ ತಾರೀಖು, ಗಂಟೆ, ಮರಿಯ ತೂಕಗಳನ್ನು ನಮೂದಿಸಿದ ರಸೀತಿಯನ್ನು ಕೇಳಿ ಪಡೆದು ಪಂಚಾಯತಿಯ ಕಡತದಲ್ಲಿ ಸೇರಿಸತಕ್ಕದ್ದು.